ಎಲೆಯೆತ್ತದೆ ಬಡಿಸುವ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯ ಹಿರಿಯರೊಬ್ಬರು ಒಂದು ಅರ್ಜಿಯನ್ನು ತುಂಬಿಸಿಕೊಳ್ಳಲು ನನ್ನ ಬಳಿಗೆ ಬಂದಿದ್ದರು. ಅರ್ಜಿ ಇದ್ದದ್ದು ಕಾಗದದ ಮೇಲಲ್ಲ, ಕಂಪ್ಯೂಟರಿನ ತೆರೆಯ ಮೇಲೆ. ಹೆಸರು, ವಿಳಾಸಗಳನ್ನು ಬರೆದು ಮುಗಿಸಿ ಜಿಲ್ಲೆಯನ್ನು ಆರಿಸಿದೆವು. ಒಡನೆಯೇ ಅದರ ಕೆಳಗೆ ತಾಲ್ಲೂಕುಗಳ ಪಟ್ಟಿ ಮೂಡಬೇಕಾಗಿತ್ತು, ಮೂಡಲಿಲ್ಲ. ಪಟ್ಟಿಯ ಜಾಗ ಬರಿದಾಗಿಯೇ ಉಳಿಯಿತು. ತಪ್ಪಾಯಿತೆಂಬ ಸೂಚನೆಯಿಲ್ಲ, ಸ್ವಲ್ಪ ತಡೆಯಿರಿ ಎಂಬ ಮಾತೂ ಇಲ್ಲ. ಬಹಳ ಹೊತ್ತು ಕಾದ ಆ ಹಿರಿಯರು, "ಇದು ನಮ್ಮ ತಾಲ್ಲೂಕಿನವರಿಗೆ ಅಲ್ಲವೇನೋ, ಬಿಡಪ್ಪ" ಎಂದು ಎದ್ದುಹೋದರು.

ಆ ಬರಿದಾದ ಪಟ್ಟಿಯ ಹಿಂದೆ ಒಂದು ಸ್ವಾರಸ್ಯವಾದ ಇತಿಹಾಸವಿದೆ. ಅದನ್ನು ತಿಳಿದರೆ ಅವರಿಗೆ ಆದ ಅನ್ಯಾಯದ ಸ್ವರೂಪವೂ ತಿಳಿಯುತ್ತದೆ.

ಅಂತರಜಾಲದ ಪುಟಗಳನ್ನು ನಮಗೆ ತೋರಿಸುವ ಸಾಧನಕ್ಕೆ ಬ್ರೌಸರ್ ಎಂದು ಹೆಸರು. ಪುಟಗಳು ಇರುವುದು ಎಲ್ಲೋ ದೂರದ ಸರ್ವರ್ ಎಂಬ ಯಂತ್ರದಲ್ಲಿ. ಮೊದಮೊದಲು ಇವೆರಡರ ನಡುವಣ ವ್ಯವಹಾರ ಬಹಳ ಒರಟಾಗಿತ್ತು. ಪಂಕ್ತಿಯಲ್ಲಿ ಊಟಕ್ಕೆ ಕುಳಿತವರೊಬ್ಬರು ಇನ್ನಷ್ಟು ಸಾರು ಬೇಕೆಂದರೆನ್ನಿ. ಬಡಿಸುವವನು ಎಲೆಯನ್ನೇ ಎತ್ತಿಕೊಂಡುಹೋಗಿ, ಬೇರೆ ಎಲೆ ಹಾಕಿ, ಉಪ್ಪು ಉಪ್ಪಿನಕಾಯಿಯಿಂದ ಮತ್ತೆ ಮೊದಲುಮಾಡಿದರೆ ಹೇಗೆ? ಆಗಿನ ಪದ್ಧತಿ ಹೆಚ್ಚುಕಡಮೆ ಹಾಗೆಯೇ ಇತ್ತು. ಪುಟದಲ್ಲಿ ಒಂದು ಸಾಲು ಬದಲಾಗಬೇಕಾದರೂ ಇಡೀ ಪುಟವೇ ಅಳಿದು, ತೆರೆ ಬೆಳ್ಳಗಾಗಿ, ಎಲ್ಲವೂ ಹೊಸದಾಗಿ ಬರಬೇಕಾಗಿತ್ತು.

ಇದಕ್ಕೆ ಪರಿಹಾರ ಬಂದದ್ದು ಬ್ರೌಸರಿನ ಮೂಲ ರಚನೆಯಿಂದಲ್ಲ, ಅದಕ್ಕೆ ಜೋಡಿಸಿದ ಒಂದು ಪುಟ್ಟ ಉಪಾಂಗದಿಂದ. ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ಅಂಚೆಯನ್ನು ಬ್ರೌಸರಿನಲ್ಲಿಯೇ ಓದುವ ಔಟ್‌ಲುಕ್ ವೆಬ್ ಆಕ್ಸೆಸ್ ಎಂಬ ವ್ಯವಸ್ಥೆಯನ್ನು ರೂಪಿಸುತ್ತಿದ್ದರು. ಒಂದೊಂದು ಪತ್ರಕ್ಕೂ ಇಡೀ ಪುಟ ಹೊಸದಾಗುವಂತಿದ್ದರೆ ಅಂಚೆ ಓದುವುದು ಸಾಧ್ಯವೇ? ಆ ತಂಡದಲ್ಲಿದ್ದ ಅಲೆಕ್ಸ್ ಹಾಪ್‌ಮನ್ ಅವರು ಪುಟವನ್ನು ಕದಲಿಸದೆ, ಬೇಕಾದಷ್ಟೇ ದತ್ತಾಂಶವನ್ನು ಹಿನ್ನೆಲೆಯಲ್ಲಿ ತರಿಸುವ ಉಪಾಂಗವೊಂದನ್ನು ಬರೆದರು. 1999ರ ಮಾರ್ಚಿನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ ಐದನೆಯ ಆವೃತ್ತಿಯೊಡನೆ ಅದು ಹೊರಬಂತು. ಎಕ್ಸ್‌ಎಂಎಲ್‌ಎಚ್‌ಟಿಟಿಪಿ ಎಂಬ ಅದರ ಉದ್ದನೆಯ ಹೆಸರಿಗೆ ಅಂಥ ಗಹನವಾದ ಕಾರಣವೇನೂ ಇಲ್ಲ. ಎಕ್ಸ್‌ಎಂಎಲ್ ಎಂಬ ದತ್ತಾಂಶದ ರೂಪವನ್ನು ಓದುವ ಗ್ರಂಥಾಲಯದೊಳಗೆ ಇದಕ್ಕೆ ಜಾಗ ದೊರೆಯಿತು. ಬಿಡಾರ ಕೊಟ್ಟ ಮನೆಯ ಹೆಸರೇ ಅತಿಥಿಗೂ ಅಂಟಿಕೊಂಡಿತು. ಎಕ್ಸ್‌ಎಂಎಲ್ ಅಲ್ಲದ ಸರಕನ್ನೂ ಅದು ತರಬಲ್ಲದು.

ಈಗ ಊಟದವನ ಎಲೆ ಅಲುಗಲಿಲ್ಲ. ಅವನು ಅನ್ನ ಕಲಸುತ್ತಿರುವಾಗಲೇ ಬಡಿಸುವ ಹುಡುಗ ಒಳಗೆ ಹೋಗಿ ಸಾರನ್ನಷ್ಟೇ ತಂದು ಬಡಿಸಿದ. ಇದರ ಉಪಯುಕ್ತತೆಯನ್ನು ಮನಗಂಡ ಮೊಜಿಲ್ಲಾದವರು ಇದನ್ನು ತಮ್ಮ ಬ್ರೌಸರಿನ ಅಂಗವಾಗಿಯೇ ಕಟ್ಟಿಕೊಂಡರು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಇದರ ಶಕ್ತಿ ಲೋಕಕ್ಕೆಲ್ಲ ಕಂಡಿತು. 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ಬಗೆಯ ರಚನೆಗೆ ಏಜಾಕ್ಸ್ ಎಂದು ನಾಮಕರಣ ಮಾಡಿದರು. 2006ರಲ್ಲಿ ಬಂದ ತನ್ನ ಏಳನೆಯ ಆವೃತ್ತಿಯಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಅದನ್ನು ಉಪಾಂಗವೆನ್ನದೆ ಅಂಗವೆಂದೇ ಒಪ್ಪಿಕೊಂಡಿತು.

ಹೊರಗಿನ ಉಪಾಂಗವಾಗಿಯೇ ಉಳಿದಿದ್ದರೆ ಏನು ಬಾಧಕವಾಗುತ್ತಿತ್ತು ಎಂದು ಕೇಳಬಹುದು. ಆಕ್ಟಿವ್‌ಎಕ್ಸ್ ಎಂಬ ಜಾತಿಯ ಉಪಾಂಗಗಳಿಗೆ ಬಳಸುವವನಿಗಿದ್ದ ಅಧಿಕಾರವೆಲ್ಲ ಇರುತ್ತಿತ್ತು. ಬಡಿಸಲು ಕರೆದವನ ಕೈಗೆ ಉಗ್ರಾಣದ ಬೀಗದ ಕೈಯನ್ನೂ ಕೊಟ್ಟಂತೆ! ಬಂದವನು ಸಜ್ಜನನಾದರೆ ಸರಿ, ಅಲ್ಲವಾದರೆ ಮನೆಯೇ ಬರಿದು. ಬ್ರೌಸರಿನ ಅಂಗವಾದದ್ದಕ್ಕಾದರೋ ಬ್ರೌಸರಿನ ಕಟ್ಟುಪಾಡುಗಳಿವೆ. ಪುಟ ಯಾವ ತಾಣದಿಂದ ಬಂದಿತೋ ಅಲ್ಲಿಂದಲೇ ತರಬೇಕು. ಬೇರೆಡೆಯಿಂದ ತಂದದ್ದನ್ನು ಪುಟ ಓದಬೇಕಾದರೆ ಆ ಕಡೆಯವರ ಒಪ್ಪಿಗೆ ಬೇಕು. ಉಪಾಂಗಗಳ ಯುಗ ಈಗ ಮುಗಿದಿದೆ. ಫ್ಲ್ಯಾಷ್ ಎಂಬ ಸುಪ್ರಸಿದ್ಧ ಪ್ಲಗಿನ್ನಿಗೆ ಅದರ ಒಡೆಯರು ನೀಡುತ್ತಿದ್ದ ಬೆಂಬಲ 2020ರ ಕೊನೆಗೆ ನಿಂತಿತು. ಅಂದು ಉಪಾಂಗವೊಂದು ಕಲಿಸಿದ ವಿದ್ಯೆ ಮಾತ್ರ ಉಳಿದುಕೊಂಡಿದೆ.

ಆದರೆ ಪ್ರತಿಯೊಂದು ಅನುಕೂಲಕ್ಕೂ ಒಂದು ಬೆಲೆಯುಂಟು. ಇಡೀ ಪುಟವೇ ಬರದಿದ್ದ ಕಾಲದಲ್ಲಿ ವೈಫಲ್ಯ ಕಣ್ಣಿಗೆ ರಾಚುತ್ತಿತ್ತು. ಈಗ ಪುಟ ಅಚ್ಚುಕಟ್ಟಾಗಿ ಮುಂದಿರುತ್ತದೆ. ಒಳಗೆ ಹೋದ ಹುಡುಗ ಮಾತ್ರ ಹಿಂದಿರುಗಿರುವುದಿಲ್ಲ. ಅವನು ದಾರಿಯಲ್ಲಿದ್ದಾನೆಯೇ, ಸಾರು ಮುಗಿದಿದೆಯೇ, ಅಡಿಗೆಮನೆಯ ಬಾಗಿಲೇ ಮುಚ್ಚಿದೆಯೇ, ಕುಳಿತವನಿಗೆ ತಿಳಿಯದು.

ಇದು ಉಪಕರಣದ ದೋಷವಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಆ ಪುಟ್ಟ ಸಾಧನವು ತನ್ನ ಸ್ಥಿತಿಯನ್ನು 0ಯಿಂದ 4ರವರೆಗಿನ ಅಂಕಿಗಳಲ್ಲಿ ಹೇಳುತ್ತ ಹೋಗುತ್ತದೆ. 4 ಎಂದರೆ ಕೆಲಸ ಮುಗಿಯಿತೆಂದಷ್ಟೇ ಅರ್ಥ, ಫಲಿಸಿತೆಂದಲ್ಲ. ಸರ್ವರಿನ ಉತ್ತರದಲ್ಲಿ 200 ಎಂದಿದ್ದರೆ ಸಿಕ್ಕಿತು, 404 ಎಂದಿದ್ದರೆ ಕೇಳಿದ್ದು ಅಲ್ಲಿಲ್ಲ. ಎಷ್ಟು ಹೊತ್ತು ಕಾಯಬೇಕೆಂಬುದನ್ನೂ ಬರೆಯುವವನು ಗೊತ್ತುಮಾಡಬಹುದು. ಮಾಡದಿದ್ದರೆ ಸಾಧನವು ತಾನಾಗಿ ಗಡುವು ಹಾಕಿಕೊಳ್ಳುವುದಿಲ್ಲ. ಇಂದು ಬಳಕೆಯಲ್ಲಿರುವ ಫೆಚ್ ಎಂಬ ಹೊಸ ಸಾಧನವೂ ಇದಕ್ಕೆ ಹೊರತಲ್ಲ. 404 ಬಂದರೂ ಅದು ಉತ್ತರ ಬಂತೆಂದೇ ವರದಿ ಮಾಡುತ್ತದೆ. ಉತ್ತರ ಎಂಥದೆಂಬುದನ್ನು ಬರೆಯುವವನೇ ನೋಡಿಕೊಳ್ಳಬೇಕು.

ಸುದ್ದಿ ಪುಟದವರೆಗೆ ಬಂದಿರುತ್ತದೆ, ಮನುಷ್ಯನವರೆಗೆ ಬಂದಿರುವುದಿಲ್ಲ. "ಪಟ್ಟಿಯನ್ನು ತರಿಸುತ್ತಿದ್ದೇವೆ" ಎಂಬ ಒಂದು ಸಾಲು, "ಬರಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ" ಎಂಬ ಇನ್ನೊಂದು ಸಾಲು, ಅದರ ಪಕ್ಕದಲ್ಲೊಂದು ಗುಂಡಿ: ಬೇಕಾದದ್ದು ಇಷ್ಟೇ. ಇದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಉಪಚಾರಕ್ಕೆ ಸೇರಿದ ಮಾತು.

ಮರುದಿನ ಬೆಳಿಗ್ಗೆ ನಾನು ಅದೇ ಪುಟವನ್ನು ತೆರೆದಾಗ ತಾಲ್ಲೂಕುಗಳೆಲ್ಲ ಕ್ಷಣಾರ್ಧದಲ್ಲಿ ಮೂಡಿದವು. ನಮ್ಮ ಹಿರಿಯರದೂ ಅವುಗಳ ನಡುವೆ ಇತ್ತು. ಅವರನ್ನು ಕರೆತಂದು ತೋರಿಸಿದೆ. "ಹಾಗಾದರೆ ನಿನ್ನೆ ಇಲ್ಲ ಎಂದರಲ್ಲ?" ಎಂದರು. ಇಲ್ಲ ಎಂದು ಯಾರೂ ಹೇಳಿರಲಿಲ್ಲ. ಯಾರೂ ಏನೂ ಹೇಳಿರಲಿಲ್ಲ, ಅಷ್ಟೆ.