ಚಾವಣಿಯ ಕೆಳಗಿನ ಹಾಕಿ

ಹಾಕಿಯೆಂದೊಡನೆ ಕಣ್ಣ ಮುಂದೆ ಬರುವುದು ವಿಶಾಲವಾದ ಬಯಲು, ಆ ತುದಿಯಿಂದ ಈ ತುದಿಗೆ ಮಿಂಚಿನಂತೆ ಹಾಯುವ ಚೆಂಡು, ಅದರ ಬೆನ್ನುಹತ್ತಿ ಓಡುವ ಆಟಗಾರರ ದಂಡು. ಆ ಬಯಲನ್ನೆಲ್ಲ ಮಡಿಚಿ ಒಂದು ಕಲ್ಯಾಣ ಮಂಟಪದೊಳಗೆ ಇರಿಸಿದರೆ ಆಟದ ಗತಿಯೇನಾದೀತು? ಯೂರೋಪಿನ ಹಾಕಿ ಕ್ಲಬ್ಬುಗಳು ಚಳಿಗಾಲದಲ್ಲಿ ನಡೆಸುವ ಒಳಾಂಗಣ ಪಂದ್ಯಾವಳಿಯನ್ನು ನೋಡಿದವರಿಗೆ ಇದರ ಉತ್ತರ ಸಿಕ್ಕೀತು.

ಈ ಆಟದ ತವರು ಜರ್ಮನಿ. ಅಲ್ಲಿ ಡಿಸೆಂಬರ್ ಬಂತೆಂದರೆ ಮೈದಾನದ ಹುಲ್ಲು ಹಿಮದಲ್ಲಿ ಹೂತುಹೋಗುತ್ತದೆ. ಇಲ್ಲವೆ ನೆಲವೇ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ತಿಂಗಳುಗಟ್ಟಲೆ ಕೋಲನ್ನು ಮೂಲೆಗಿಟ್ಟು ಕೂಡಲೊಲ್ಲದ ಆಟಗಾರರು 1950ರ ದಶಕದಲ್ಲಿ ಅದನ್ನೆತ್ತಿಕೊಂಡು ವ್ಯಾಯಾಮಶಾಲೆಗಳ ಒಳಹೊಕ್ಕರು. ಹೊಸ ಆಟಕ್ಕೆಂದು ಬೇರೆ ಮನೆ ಕಟ್ಟುವ ಗೋಜಿಲ್ಲ. 40 ಮೀಟರ್ ಉದ್ದ, 20 ಮೀಟರ್ ಅಗಲದ ಹ್ಯಾಂಡ್‌ಬಾಲ್ ಅಂಗಳವೇ ಇದಕ್ಕೂ ಒಪ್ಪುತ್ತದೆ. ಗೋಲಿನ ಚೌಕಟ್ಟಿನ ಅಳತೆಯೂ ಅದೇ: 3 ಮೀಟರ್ ಅಗಲ, 2 ಮೀಟರ್ ಎತ್ತರ. ಅಂತರರಾಷ್ಟ್ರೀಯ ಹಾಕಿ ಒಕ್ಕೂಟದ ಮನ್ನಣೆ 1960ರ ದಶಕದಲ್ಲಿ ದೊರೆಯಿತು. ರಾಷ್ಟ್ರಗಳ ನಡುವಣ ಮೊದಲ ಯೂರೋಪಿಯನ್ ಚಾಂಪಿಯನ್‌ಷಿಪ್ 1974ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಜರುಗಿತು. ಪುರುಷರ ಕ್ಲಬ್ಬುಗಳಿಗೆಂದೇ ಮೀಸಲಾದ ಯೂರೋಪಿಯನ್ ಕಪ್ ಹುಟ್ಟಿದ್ದು 1990ರಲ್ಲಿ.

ಹೊರಗಿನ ಮೈದಾನದ ಉದ್ದ 91.4 ಮೀಟರ್, ಅಗಲ 55 ಮೀಟರ್. ಒಳಾಂಗಣವು ಅದರ ಆರನೆಯ ಒಂದು ಪಾಲಿನಷ್ಟೂ ಇಲ್ಲ. ಆದರೆ ಆಡುವವರ ಸಂಖ್ಯೆ ಹನ್ನೊಂದರಿಂದ ಆರಕ್ಕೆ ಮಾತ್ರ ಇಳಿದಿದೆ. ಹೀಗಾಗಿ ತಿರುಗಿದಲ್ಲೆಲ್ಲ ಎದುರಾಳಿಯ ಕೋಲು. ಚೆಂಡನ್ನು ಬೀಸಿ ಹೊಡೆಯುವಂತಿಲ್ಲ, ತಳ್ಳಬೇಕು. ಗೋಲಿಗೆ ಗುರಿಯಿಟ್ಟಾಗ ಹೊರತು ನೆಲದಿಂದ ಮೇಲೆತ್ತುವಂತೆಯೂ ಇಲ್ಲ. ಇದಕ್ಕೆ ಪ್ರತಿಯಾಗಿ ರಕ್ಷಕರು ಕೋಲನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿ ಹೊಸ್ತಿಲಿನಂತೆ ಅಡ್ಡಗಟ್ಟುತ್ತಾರೆ. ಆ ಹೊಸ್ತಿಲನ್ನು ಹಾರಿಸುವಂತಿಲ್ಲ, ಬಳಸಿಯೇ ಹೋಗಬೇಕು. ಬಳಸುವ ದಾರಿಯೂ ಉಂಟು. ಅಂಗಳದ ಎರಡು ಉದ್ದದ ಅಂಚುಗಳಲ್ಲಿ 10 ಸೆಂಟಿಮೀಟರ್ ಎತ್ತರದ ಹಲಗೆಗಳಿರುತ್ತವೆ. ಕೇರಂ ಆಡುವ ಹುಡುಗರು ಕಾಯನ್ನು ಅಂಚಿಗೆ ಬಡಿದು ಮೂಲೆಯ ಗುಳಿಗೆ ಇಳಿಸುವಂತೆ, ಇಲ್ಲಿ ಚೆಂಡನ್ನು ಹಲಗೆಗೆ ತಾಗಿಸಿ ಎದುರಾಳಿಯ ಬೆನ್ನ ಹಿಂದಿರುವ ಜೊತೆಗಾರನಿಗೆ ತಲಪಿಸುತ್ತಾರೆ. ತೋಳ್ಬಲಕ್ಕಿಂತ ಕೋನಗಳ ಲೆಕ್ಕ ಬಲ್ಲವನೇ ಇಲ್ಲಿ ಜಾಣ.

ಅವಧಿ ಕೇವಲ ನಲವತ್ತು ನಿಮಿಷ. ಹಿಂದೆ ಅದನ್ನು ಎರಡು ಭಾಗ ಮಾಡುತ್ತಿದ್ದರು; ಈಗ ಹತ್ತು ಹತ್ತು ನಿಮಿಷಗಳ ನಾಲ್ಕು ಪಾಳಿ. ತಂಡದಲ್ಲಿ ಹನ್ನೆರಡು ಮಂದಿ ಇರಬಹುದು. ಆಟ ಸಾಗುತ್ತಿರುವಾಗಲೇ ಬೇಕಾದಷ್ಟು ಸಲ ಬದಲಾಯಿಸಬಹುದು. ಕೊನೆಯ ನಿಮಿಷಗಳಲ್ಲಿ ಸೋಲುತ್ತಿರುವ ತಂಡ ಒಂದು ಎದೆಗಾರಿಕೆಯ ಕೆಲಸಕ್ಕೆ ಕೈಹಾಕುವುದುಂಟು. ಗೋಲ್‌ಕೀಪರನನ್ನು ಹೊರಗೆ ಕರೆಸಿ, ಅವನಿಗೆ ಬದಲಾಗಿ ಆರನೆಯ ದಾಳಿಗಾರನನ್ನು ಒಳಗೆ ಕಳುಹಿಸುತ್ತಾರೆ. ಮನೆಯ ಬಾಗಿಲನ್ನು ಹಾರುಹೊಡೆದು ನೆರೆಮನೆಗೆ ಲಗ್ಗೆಯಿಟ್ಟಂತೆ! ಗೋಲು ಬಂದರೆ ಬಂತು. ಚೆಂಡು ಕೈತಪ್ಪಿತೋ, ಹಿಂದೆ ಬರಿದಾದ ಚೌಕಟ್ಟು ಬಾಯ್ತೆರೆದು ನಿಂತಿರುತ್ತದೆ.

ಆರಂಭದ ವರ್ಷಗಳಲ್ಲಿ ಈ ಕಪ್ಪಿನ ಮೇಲೆ ಜರ್ಮನ್ ಕ್ಲಬ್ಬುಗಳದೇ ಹಿಡಿತ. ಅವುಗಳಲ್ಲಿ ಮುಖ್ಯವಾದದ್ದು ಕೊಲೋನ್ ನಗರದ ರಾಟ್-ವೈಸ್. 1906ರಲ್ಲಿ ಸ್ಥಾಪಿತವಾದ ಈ ಕ್ಲಬ್ಬಿನ ಹೆಸರಿಗೆ 'ಕೆಂಪು-ಬಿಳುಪು' ಎಂದಷ್ಟೇ ಅರ್ಥ. ಅತ್ತ ಹೊರಗಿನ ಮೈದಾನದಲ್ಲಿ ಅದೇ ಪ್ರಾಂತ್ಯದ ಇನ್ನೊಂದು ಕ್ಲಬ್ಬು, ಮ್ಯೂಲ್‌ಹೈಮಿನ ಊಲನ್‌ಹಾರ್ಸ್ಟ್, 1988ರಿಂದ 1996ರವರೆಗೆ ಯೂರೋಪಿನ ಕ್ಲಬ್ ಪ್ರಶಸ್ತಿಯನ್ನು ಒಂಬತ್ತು ವರ್ಷ ಬಿಡದೆ ಗೆದ್ದಿತು. ಚಳಿಗಾಲದ ಇಕ್ಕಟ್ಟಿನಲ್ಲಿ ಪಳಗಿದ ಕೈಗೆ ಬೇಸಗೆಯ ಬಯಲು ಸುಲಭವಾಗುತ್ತದೆಂದು ಜರ್ಮನರು ಹೇಳಿಕೊಂಡರೆ ಅದನ್ನು ಬರಿಯ ಜಂಬವೆಂದು ತಳ್ಳಿಹಾಕುವುದು ಕಷ್ಟ.

ಆದರೂ ಈ ಪಂದ್ಯಾವಳಿಯ ಸ್ವಾರಸ್ಯವಿರುವುದು ದೊಡ್ಡವರ ಗೆಲುವಿನಲ್ಲಲ್ಲ. ವಿಯೆನ್ನಾದ ಆರ್ಮಿನನ್, ಸ್ವಿಟ್ಸರ್ಲೆಂಡಿನ ವೆಟಿಂಗನ್, ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಮುಂತಾದ ಕ್ಲಬ್ಬುಗಳ ಹೆಸರುಗಳು ಹೊರಾಂಗಣ ಹಾಕಿಯನ್ನಷ್ಟೇ ಬಲ್ಲವರ ಕಿವಿಗೆ ಬಿದ್ದಿರುವುದು ಅಪರೂಪ. ಆರು ಮಂದಿಯ ಆಟಕ್ಕೆ ದೊಡ್ಡ ದೇಶ ಬೇಕಿಲ್ಲ. ಒಬ್ಬರನ್ನೊಬ್ಬರು ಚೆನ್ನಾಗಿ ಅರಿತ ಹನ್ನೆರಡು ಗೆಳೆಯರು ಸಾಕು. ಬಯಲಿನ ಹಾಕಿಯಲ್ಲಿ ಹಿಂದಿನ ಸಾಲಿನಲ್ಲೇ ಉಳಿದ ಆಸ್ಟ್ರಿಯ, 2018ರಲ್ಲಿ ಬರ್ಲಿನ್ನಿನಲ್ಲಿ ನಡೆದ ಒಳಾಂಗಣ ವಿಶ್ವಕಪ್ಪಿನ ಫೈನಲಿನಲ್ಲಿ ಜರ್ಮನಿಯನ್ನು ಅದರ ಮನೆಯಲ್ಲಿಯೇ ಷೂಟೌಟಿನಲ್ಲಿ ಸೋಲಿಸಿ ವಿಶ್ವವಿಜೇತವಾಯಿತು. ವಿಯೆನ್ನಾದ ಕ್ಲಬ್ಬುಗಳು ವರ್ಷಾನುವರ್ಷ ಬೆವರು ಸುರಿಸಿ ಬೆಳೆಸಿದ ಪೈರು ಅದು.

ಬಹುಕಾಲ ನಡೆದುಬಂದ ಕ್ರಮದಲ್ಲಿ ಎಂಟು ದೇಶಗಳ ಎಂಟು ಚಾಂಪಿಯನ್ ಕ್ಲಬ್ಬುಗಳು ಫೆಬ್ರವರಿಯಲ್ಲಿ ಒಂದೂರಿನಲ್ಲಿ ಸೇರುತ್ತಿದ್ದವು. ನಾಲ್ಕು ನಾಲ್ಕರ ಎರಡು ಗುಂಪು; ಮೂರು ದಿನಗಳಲ್ಲಿ ಪ್ರತಿಯೊಂದು ತಂಡಕ್ಕೂ ಐದು ಪಂದ್ಯ. ಪ್ರತಿ ಗುಂಪಿನ ಮೊದಲಿಬ್ಬರು ಸೆಮಿಫೈನಲಿಗೆ, ಉಳಿದವರು ಇಳಿತವನ್ನು ತಪ್ಪಿಸಿಕೊಳ್ಳುವ ಇನ್ನೊಂದು ಗುಂಪಿಗೆ. ಆ ಗುಂಪಿನಲ್ಲಿ ಕೊನೆಗೆ ಉಳಿದ ಇಬ್ಬರು ಕೆಳದರ್ಜೆಯ ಪಂದ್ಯಾವಳಿಗೆ ಜಾರಬೇಕು.

ಆದರೆ ಜಾರುವುದು ಕ್ಲಬ್ಬಲ್ಲ, ದೇಶ! ನಿಯಮದ ಬಿಗಿ ಇರುವುದು ಇಲ್ಲಿಯೇ. ಹೆಚ್ಚಿನವರು ಓದುವ ಹುಡುಗರು, ಇಲ್ಲವೆ ನೌಕರಿಯಲ್ಲಿರುವವರು. ಸೋಮವಾರ ಬೆಳಗ್ಗೆ ಕಾಲೇಜಿಗೋ ಕಚೇರಿಗೋ ಹೋಗಬೇಕಾದವರು. ಭಾನುವಾರ ಫೈನಲಿಗಾಗಿ ಕಾದಿರುವ ಪ್ರೇಕ್ಷಕರು ಇನ್ನೂ ಅರೆಮನಸ್ಸಿನಿಂದ ನೋಡುತ್ತಿರುವಾಗಲೇ ಇವರು ಏಳನೆಯ ಸ್ಥಾನಕ್ಕೆ ಇಳಿಯದಂತೆ ಜೀವ ಬಿಟ್ಟು ಆಡುತ್ತಾರೆ. ಇವರು ಸೋತರೆ ಮರುವರ್ಷ ಕೆಳದರ್ಜೆಯಲ್ಲಿ ಆಡಬೇಕಾದದ್ದು ಇವರ ದೇಶದ ಹೊಸ ಚಾಂಪಿಯನ್. ಅದು ಇವರ ಕಡುವೈರಿಯಾದ ನೆರೆಯೂರಿನ ಕ್ಲಬ್ಬೇ ಆಗಿರಬಹುದು. ಕೊನೆಯ ಎರಡು ನಿಮಿಷ ಉಳಿದಿರುವಾಗ ಗೋಲ್‌ಕೀಪರನನ್ನು ಹೊರಗೆ ಕರೆಯುವ ತರಬೇತುದಾರನು ಆ ವೈರಿಯ ಸ್ಥಾನವನ್ನೂ ಪಣಕ್ಕಿಟ್ಟೇ ಕೈಯೆತ್ತುತ್ತಾನೆ.