ಕುದುರೆಯ ನಡಿಗೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಪ್ರದಕ್ಷಿಣೆ ಬರುವವರಿಗೆ ಗೋಡೆಯ ಕೆಳಭಾಗದಲ್ಲಿ ಆನೆ, ಸಿಂಹ, ಬಳ್ಳಿಗಳ ಸಾಲುಗಳ ಮೇಲೆ ರಾವುತರ ಸಾಲೊಂದು ಕಾಣುತ್ತದೆ. ಅಲ್ಲಿನ ಕುದುರೆಗಳಲ್ಲಿ ಹೆಚ್ಚಿನವು ಮುಂಗಾಲೆತ್ತಿ ನೆಗೆಯುವ ಭಂಗಿಯಲ್ಲಿವೆ. ನಮ್ಮ ಕಾವ್ಯಗಳ ಕುದುರೆಗಳೂ ಹಾಗೆಯೇ. ಅವು ಗಾಳಿಯನ್ನು ಹಿಂದಿಕ್ಕುತ್ತವೆ, ಸುಮ್ಮನೆ ನಡೆಯುವುದು ವಿರಳ. ಅಮರಕೋಶವು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಕುದುರೆಯ ಐದು ಗತಿಗಳನ್ನು ಹೆಸರಿಸುತ್ತದೆ. ಕನ್ನಡದ ಆಡುಮಾತಿನಲ್ಲಿ ಕುಕ್ಕುಲೋಟ, ನಾಗಾಲೋಟಗಳಿವೆ. ಆದರೆ ದಿನವಿಡೀ ದಾರಿ ಸವೆಸಬೇಕಾದವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಒದಗಿಬರುವುದು ಚುರುಕಾದ ಸಾದಾ ನಡಿಗೆ. ಇದನ್ನು ನಾನು ಅರಿತದ್ದು ಪುಸ್ತಕದಿಂದಲ್ಲ, ಒಂದು ತಪ್ಪಿನಿಂದ.

ನಾನು ಬಿಕ್ಕೋಡಿನ ಕಡೆಯವನು. ನಮ್ಮ ತಂದೆಯವರು ಅಲ್ಲಿಗೆ ಸಮೀಪದ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ಶನಿವಾರದ ಬಟವಾಡೆಗೆಂದು ಶುಕ್ರವಾರವೇ ಬೇಲೂರಿಗೆ ಹೋಗಿ, ಹಣ ತೆಗೆದುಕೊಂಡು, ಕತ್ತಲಾಗುವುದರೊಳಗೆ ಅವರು ಹಿಂದಿರುಗಬೇಕಾಗಿತ್ತು. ಬಸ್ಸು ಇತ್ತು, ಆದರೆ ಮಳೆಗಾಲದಲ್ಲಿ ಅದನ್ನು ನಂಬಿ ಹೊರಡುವಂತಿರಲಿಲ್ಲ, ತೋಟವೂ ರಸ್ತೆಯಿಂದ ಬಹಳ ಒಳಗಿತ್ತು. ತೋಟದವರು ಕೊಟ್ಟಿದ್ದ ಕಂದು ಬಣ್ಣದ ಹೆಣ್ಣು ತಟ್ಟುವೇ ಅವರ ವಾಹನ.

1954ರ ಬೇಸಿಗೆಯ ರಜೆಯಲ್ಲಿ, ಹದಿನಾಲ್ಕರ ಹರೆಯದ ನನಗೆ ಆ ತಟ್ಟುವಿನ ನಡಿಗೆ ತೀರ ನಿಧಾನವೆನಿಸಿತು. ತಂದೆಯವರಿಗೆ ಉಪಕಾರ ಮಾಡುವೆನೆಂದು ದಿನವೂ ಹತ್ತಿ, ಹಿಮ್ಮಡಿಯಿಂದ ತಿವಿದು, ಕೋಲು ಮುಟ್ಟಿಸಿ ಅವಸರಪಡಿಸಿದೆ. ಅದು ಬೇಗ ನಡೆಯಲಿಲ್ಲ, ಕುಕ್ಕತೊಡಗಿತು. ಮತ್ತೆ ಯಾರು ಹತ್ತಿದರೂ ಅದಕ್ಕೆ ಅದೇ ಚಾಳಿ. ತಂದೆಯವರಿಗೆ ಮೊದಲೇ ಸೊಂಟನೋವು. ಜೂನಿನ ಒಂದು ಶುಕ್ರವಾರ ಬೇಲೂರಿನಿಂದ ಬಂದವರು ಕಷ್ಟಪಟ್ಟು ಇಳಿದು, ಜಗಲಿಯ ಕಂಬ ಹಿಡಿದು ನಿಂತರು, ಮಾತಾಡಲಿಲ್ಲ. ಕುದುರೆ ಹತ್ತಲಾರದ ರೈಟರನ್ನು ತೋಟದವರು ಎಷ್ಟು ದಿನ ಇಟ್ಟುಕೊಂಡಾರು ಎಂದು ಆ ರಾತ್ರಿ ತಾಯಿ ಕೇಳಿದ್ದು ನನ್ನ ಕಿವಿಗೆ ಬಿತ್ತು.

ತೋಟದ ಲಾಯದಲ್ಲಿ ವಯಸ್ಸಾದ ಸಾಬರೊಬ್ಬರಿದ್ದರು. ಹಿಂದೆ ಮೈಸೂರಿನಲ್ಲಿ ಮಹಾರಾಜರ ಕುದುರೆಪಡೆಯ ಚಾಕರಿಯಲ್ಲಿದ್ದವರು. “ಚಿಕ್ಕಯ್ಯಾ, ಓಡೋದು ಕುದುರೆಗೆ ತಾಯಿಹೊಟ್ಟೇಲೇ ಬಂದಿರ್ತದೆ. ನಡೆಯೋದನ್ನ ನಾವು ಕಲಿಸ್ಬೇಕು. ನೀವು ಓಡೋದನ್ನೇ ಕಲಿಸಿದ್ರಿ” ಎಂದರು.

ಅವರು ತೋರಿಸಿಕೊಟ್ಟುದನ್ನು ಹೀಗೆ ವಿವರಿಸಬಹುದು. ನಡಿಗೆಯಲ್ಲಿ ಕುದುರೆ ಕಾಲುಗಳನ್ನು ಒಂದೊಂದಾಗಿ ಊರುತ್ತದೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ನಾಲ್ಕೆಣಿಕೆಯ ತಾಳ, ಯಾವ ಗಳಿಗೆಯಲ್ಲೂ ಮೈ ನೆಲದ ಆಧಾರ ತಪ್ಪುವುದಿಲ್ಲ. ಕುಕ್ಕುಲೋಟದಲ್ಲಾದರೋ ಒಂದು ಬದಿಯ ಮುಂಗಾಲೂ ಇನ್ನೊಂದು ಬದಿಯ ಹಿಂಗಾಲೂ ಜೊತೆಯಾಗಿ ಊರುತ್ತವೆ. ಎರಡೆಣಿಕೆಯ ತಾಳ, ನಡುವೆ ಸಣ್ಣ ನೆಗೆತ, ಆ ನೆಗೆತದ ಪೆಟ್ಟೆಲ್ಲ ಸವಾರನ ಬೆನ್ನಿಗೆ. ನಡಿಗೆಯ ವೇಗ ಹೆಚ್ಚುವುದು ಹೆಜ್ಜೆಗಳ ಸಂಖ್ಯೆಯಿಂದ, ಇಲ್ಲವೆ ಹೆಜ್ಜೆಯ ಉದ್ದದಿಂದ. ಕೋಲು ಹೆಚ್ಚಿಸುವುದು ಸಂಖ್ಯೆಯನ್ನು. ಹೆಜ್ಜೆ ಮೊಟಕಾಗಿ, ತಾಳ ತಪ್ಪಿ, ಕುದುರೆ ಕುಕ್ಕಲಾರಂಭಿಸುತ್ತದೆ. ಬೇಕಾದುದು ಉದ್ದ. ಅದಕ್ಕೆ ಹಿಂಗಾಲು ಹೊಟ್ಟೆಯಡಿ ಮುಂದಕ್ಕೆ ಚಾಚಬೇಕು, ಬೆನ್ನು ತೂಗಬೇಕು, ಕತ್ತು ಬಿಡುವಾಗಿರಬೇಕು. ನಡೆಯುವ ಕುದುರೆ ಹೆಜ್ಜೆಹೆಜ್ಜೆಗೂ ತಲೆದೂಗುತ್ತದೆ. ಲಗಾಮು ಬಿಗಿಹಿಡಿದರೆ ಆ ತೂಗಾಟ ನಿಂತು ಹೆಜ್ಜೆಯೂ ಕುಗ್ಗುತ್ತದೆ. ನಾನು ಒಂದು ಕೈಯಲ್ಲಿ ಹೊಡೆದು ಇನ್ನೊಂದು ಕೈಯಲ್ಲಿ ಹಿಡಿದಿದ್ದೆ.

ಸಾಬರು ಮೊದಲು ಕೋಲನ್ನು ಬಿಸಾಡಿಸಿದರು. ಲಗಾಮು ಸಡಿಲ ಬಿಟ್ಟು, ಹೊಟ್ಟೆ ಎಡಕ್ಕೆ ತೂಗಿದಾಗ ಬಲಗಾಲಿನಿಂದಲೂ ಬಲಕ್ಕೆ ತೂಗಿದಾಗ ಎಡಗಾಲಿನಿಂದಲೂ ಮೆಲ್ಲನೆ ಒತ್ತಬೇಕೆಂದರು. ಹಿಂಗಾಲು ನೆಲಬಿಟ್ಟು ಮುಂದೆ ಬರುವಾಗ ಹೊಟ್ಟೆ ಎದುರು ಬದಿಗೆ ಸರಿಯುತ್ತದೆ. ಆ ಹೊತ್ತಿಗೆ ಕೊಟ್ಟ ಸೂಚನೆಗೆ ಮಾತ್ರ ಆ ಕಾಲು ಉದ್ದವಾಗಬಲ್ಲದು. ಊರಿದ ಕಾಲಿಗೆ ಹೇಳಿ ಫಲವಿಲ್ಲ. ನೂರು ಹೆಜ್ಜೆ ಹೀಗೆ ಕೇಳಿ, ಮುಂದಿನ ನೂರು ಹೆಜ್ಜೆ ಅದರ ಪಾಡಿಗೆ ಬಿಡುವುದು. ಕುಕ್ಕಿದರೆ ಗದರದೆ ಒಂದು ಸುತ್ತು ಹಾಕಿಸಿ ನಡಿಗೆಗೆ ತಂದು ಮತ್ತೆ ಕೇಳುವುದು. ಏರುದಾರಿಯಲ್ಲಿ ನಡೆಸಿ ಹಿಂಗಾಲಿಗೆ ಬಲ ಬರಿಸುವುದು. ಬೇಗ ನಡೆಯುವ ಇನ್ನೊಂದು ಕುದುರೆಯ ಜೊತೆ ಕಳಿಸುವುದು ಒಳ್ಳೆಯ ಉಪಾಯ. ನಮಗೆ ಆ ಭಾಗ್ಯವಿರಲಿಲ್ಲ. ಲಾಯದತ್ತ ಮುಖಮಾಡಿದ ಕುದುರೆ ತಾನಾಗಿ ಬೀಸಿ ನಡೆಯುತ್ತದೆ. ಅದಕ್ಕಿರುವ ನಿಜವಾದ ಶಕ್ತಿಯನ್ನು ಆಗಲೇ ಅಳೆದುಕೊಳ್ಳಬೇಕು.

ಇದು ತೋಟದ ತಟ್ಟುವಿಗಷ್ಟೇ ಸಂಬಂಧಿಸಿದ ಮಾತಲ್ಲ. 1955ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ಟೆವಿಸ್ ಕಪ್ ಸವಾರಿಯಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ನೂರು ಮೈಲಿ ಬೆಟ್ಟದ ದಾರಿಯನ್ನು ಕ್ರಮಿಸಬೇಕು. ಇಂತಹ ದೂರದ ಸವಾರಿಗಳಲ್ಲಿ ಪಶುವೈದ್ಯರು ನಡುನಡುವೆ ತಡೆದು ಕುದುರೆಯ ಎದೆಬಡಿತ ಎಣಿಸುತ್ತಾರೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿಯದೆ ಮುಂದೆ ಬಿಡುವುದಿಲ್ಲ. ದಣಿವಾರಿಸಿಕೊಳ್ಳುತ್ತಲೇ ದಾರಿ ಸಾಗಬೇಕಾದರೆ ನಡೆಯಬೇಕು. ಮೂವತ್ತು ಕಿಲೋಮೀಟರು ನಡೆದೇ ಸಾಗುವ ಕುದುರೆ ಗಂಟೆಗೆ ಆರರಂತೆ ನಡೆದರೆ ಐದು ಗಂಟೆ, ಏಳೂವರೆಯಂತೆ ನಡೆದರೆ ನಾಲ್ಕೇ ಗಂಟೆ. ಓಡದೆ ಗಳಿಸಿದ ಒಂದು ಗಂಟೆ ಅದು.

ನಡಿಗೆಯ ಈ ಬೆಲೆಯನ್ನು ನಮ್ಮ ಸೀಮೆ ಎತ್ತುಗಳಲ್ಲಿ ಬಹು ಹಿಂದೆಯೇ ಕಂಡುಕೊಂಡಿತ್ತು. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ತಳಿ ಅದು. ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳ ಕಾವಲುಗಳಲ್ಲಿ ಮೇಯ್ದು ಬೆಳೆದುದು. ಹೈದರಾಲಿ ಚಿದಂಬರದತ್ತ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಇತಿಹಾಸಕಾರರು ಬರೆದಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲಾನ್ಸರ್ಸ್ ಕುದುರೆಗಳು ನುಗ್ಗಿದ್ದನ್ನು ಎಲ್ಲರೂ ನೆನೆಯುತ್ತಾರೆ. ಅಲ್ಲಿಯವರೆಗೆ ಅವು ಸವೆಸಿದ ದಾರಿಯನ್ನು ಯಾರೂ ಕೇಳುವುದಿಲ್ಲ.

ನಮ್ಮ ತಟ್ಟುವಿಗೆ ಇಡೀ ಮಳೆಗಾಲ ಹಿಡಿಯಿತು. ಶಾಲೆಯಿಂದ ಬಂದು ಕಂಬಳಿಕೊಪ್ಪೆ ಹೊದ್ದು, ಜಿಗಣೆಗಳ ಕಾಟದಲ್ಲಿ ತೋಟದ ದಾರಿಯಲ್ಲಿ ದಿನವೂ ಅರ್ಧ ಗಂಟೆ. ಸಾಬರು ಹಿಂದೆ ಬಗ್ಗಿ ಕೆಸರನ್ನು ನೋಡುತ್ತ ಬರುತ್ತಿದ್ದರು. ಹಿಂಗಾಲಿನ ಗೊರಸು ಮುಂಗಾಲಿನ ಗುರುತಿನಿಂದ ಹಿಂದೆಯೇ ಬಿದ್ದರೆ ತಲೆಯಾಡಿಸುವರು. ಆಗಸ್ಟಿನಲ್ಲಿ ಗುರುತುಗಳು ಒಂದರ ಮೇಲೊಂದು ಬಿದ್ದವು. ದಸರೆಯ ಹೊತ್ತಿಗೆ ಹಿಂಗಾಲಿನದು ನಾಲ್ಕು ಬೆರಳು ಮುಂದಿತ್ತು. ಮೊದಲು ಒಂದು ಮೈಲಿಗಲ್ಲಿನಿಂದ ಇನ್ನೊಂದಕ್ಕೆ ಹದಿನಾರು ನಿಮಿಷ ತೆಗೆದುಕೊಳ್ಳುತ್ತಿದ್ದುದು, ಹಣ್ಣಿನ ಕಾಲ ಬರುವಾಗ ತಂದೆಯವರ ಜೇಬುಗಡಿಯಾರದಲ್ಲಿ ಹದಿಮೂರಾಯಿತು. ಆ ಶುಕ್ರವಾರ ಅವರು ದೀಪ ಹಚ್ಚುವ ಮುಂಚೆ ಬಂದು, ಕಂಬ ಹಿಡಿಯದೆ ಇಳಿದು, ಹಣದ ಚೀಲವನ್ನು ನನ್ನ ಕೈಗೆ ಕೊಟ್ಟು, ತಟ್ಟುವಿಗೆ ಹುರುಳಿ ಇಡಲು ತಾವೇ ಲಾಯಕ್ಕೆ ಹೋದರು.