ಕಾಮಾಲೆಗೆ ನಾಟಿ ಮದ್ದು: ಹೋಗುವ ಮುನ್ನ ತಿಳಿದಿರಬೇಕಾದದ್ದು

ಕೋಲಾರ: ಕಣ್ಣು ಹಳದಿಗಟ್ಟಿ, ಅನ್ನ ಕಂಡರೆ ವಾಕರಿಕೆ ಬರತೊಡಗಿದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಮೊದಲು ನೆನಪಾಗುವುದು ಆಸ್ಪತ್ರೆಯಲ್ಲ, ಎಲೆಮದ್ದು ಕೊಡುವ ನಾಟಿ ವೈದ್ಯರು. ಆಂಧ್ರದ ಗಡಿಯ ಹಳ್ಳಿಗಳಲ್ಲಿ ಈ ಕಾಯಿಲೆಗೆ ತೆಲುಗಿನ ‘ಪಚ್ಚಕಾಮೆರ್ಲು’ ಎಂಬ ಹೆಸರೂ ಉಂಟು. ಬೆಂಗಳೂರಿನಲ್ಲಿ ನೆಲೆಸಿದವರೂ ಕಾಮಾಲೆ ಬಂದಾಗ ಊರಿನ ಬಸ್ಸು ಹತ್ತುವುದುಂಟು.

ಮದ್ದು ಕೊಡುವ ಕ್ರಮ ಮನೆತನದಿಂದ ಮನೆತನಕ್ಕೆ ಬೇರೆ. ಸಾಮಾನ್ಯವಾಗಿ ನಿಗದಿತ ವಾರದಂದು, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ವೈದ್ಯರು ಕಣ್ಣು, ನಾಲಿಗೆ, ಉಗುರು ನೋಡಿ, ಅರೆದ ಸೊಪ್ಪನ್ನು ಮಜ್ಜಿಗೆ ಅಥವಾ ಹಾಲಿನಲ್ಲಿ ಕದಡಿ ಕುಡಿಸುತ್ತಾರೆ. ಹೆಚ್ಚಾಗಿ ಬಳಸುವುದು ನೆಲನೆಲ್ಲಿ. ಕೆಲವರು ಹರಳು ಗಿಡದ ಎಲೆಯನ್ನೂ ಬಳಸುವರು. ಸೊಪ್ಪಿನ ಹೆಸರನ್ನು ಹೇಳದಿರುವುದೂ ವಾಡಿಕೆ. ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂಬುದು ನಂಬಿಕೆ. ಹಲವರು ಹಣ ಮುಟ್ಟುವುದಿಲ್ಲ, ಎಲೆ ಅಡಿಕೆಯಷ್ಟೇ ದಕ್ಷಿಣೆ.

ಮದ್ದಿಗಿಂತ ಕಠಿಣವಾದುದು ಪಥ್ಯ. ಎಣ್ಣೆ, ಖಾರ, ಹುಣಸೆ, ಮಾಂಸ ವರ್ಜ್ಯ. ಕೆಲವೆಡೆ ಉಪ್ಪೂ ಇಲ್ಲ. ರಾಗಿ ಗಂಜಿ, ಮಜ್ಜಿಗೆ ಅನ್ನವೇ ಗತಿ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದವರಿಗೆ ಇದು ಸಣ್ಣ ಪರೀಕ್ಷೆಯೇನಲ್ಲ. ಈ ಕಟ್ಟುಪಾಡು ನಮ್ಮಲ್ಲಿಗಷ್ಟೇ ಸೀಮಿತವೂ ಅಲ್ಲ: ದಕ್ಷಿಣ ಅಮೆರಿಕದ ಪೆರು ದೇಶದ ಶಿಪಿಬೊ ಬುಡಕಟ್ಟಿನ ಮೂಲಿಕೆ ವೈದ್ಯರೂ ಉಪ್ಪು, ಖಾರ ಬಿಡಿಸಿಯೇ ಮದ್ದು ಕೊಡುತ್ತಾರೆ. ಆದರೆ ಯಕೃತ್ತು ಚೇತರಿಸಿಕೊಳ್ಳಲು ಆಹಾರದ ಬಲ ಬೇಕು. ದಿನಗಟ್ಟಲೆ ಅರೆಹೊಟ್ಟೆಯಲ್ಲಿರುವುದು, ಅದರಲ್ಲೂ ಮಕ್ಕಳಿಗೆ, ಹಾನಿಕರ.

ಈ ಮದ್ದಿನಿಂದ ಗುಣವಾದವರು ಊರೂರಿನಲ್ಲಿ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಾಮಾಲೆ ಎಂಬುದು ರೋಗವಲ್ಲ, ರೋಗದ ಲಕ್ಷಣ. ಮಲಿನ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸೋಂಕುಗಳು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆ ಹೊತ್ತಿಗೆ ಕುಡಿದ ಮದ್ದಿಗೆ ಕೀರ್ತಿ ಸಲ್ಲುತ್ತದೆ.

ನೆಲನೆಲ್ಲಿಯನ್ನು ವಿಜ್ಞಾನ ಕಡೆಗಣಿಸಿಲ್ಲ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಇದನ್ನು ಸೇವಿಸಿದ 37 ಹೆಪಟೈಟಿಸ್ ಬಿ ಸೋಂಕಿತರ ಪೈಕಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಮಾಯವಾಯಿತೆಂದು ವರದಿ ಮಾಡಿದರು. ಅದು ಜಗತ್ತಿನಾದ್ಯಂತ ಆಸೆ ಹುಟ್ಟಿಸಿತು. ಅನಂತರ ಇತರ ದೇಶಗಳಲ್ಲಿ ನಡೆದ ಪ್ರಯೋಗಗಳಲ್ಲಿ ಆ ಫಲ ಮರುಕಳಿಸಲಿಲ್ಲ.

ಅಪಾಯವಿರುವುದು ಹೆಚ್ಚಾಗಿ ಸೊಪ್ಪಿನಲ್ಲಲ್ಲ, ಕಳೆದುಹೋಗುವ ದಿನಗಳಲ್ಲಿ. ಮಲ ಬಿಳಿಚಿಕೊಂಡು ಮೈ ತುರಿಸಿದರೆ ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಇರಬಹುದು. ಚಳಿಜ್ವರ, ನಿಲ್ಲದ ವಾಂತಿ, ರಕ್ತಸ್ರಾವ, ಮಂಪರು, ತೊದಲುಮಾತು ಕಂಡರೆ ಒಂದು ದಿನವೂ ಕಾಯುವಂತಿಲ್ಲ. ಗರ್ಭಿಣಿಯರು ಮತ್ತು ನವಜಾತ ಶಿಶುಗಳನ್ನಂತೂ ಎಲೆಮದ್ದಿಗೆ ಒಯ್ಯಲೇಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ತಗುಲಿದ ಗರ್ಭಿಣಿಯರಲ್ಲಿ ಶೇ 20ರಿಂದ 25ರಷ್ಟು ಮಂದಿ ಸಾಯಬಹುದು. ಮೂಗಿಗೆ ಅಥವಾ ಕಣ್ಣಿಗೆ ರಸ ಹಿಂಡುವುದು, ಮುಂಗೈಗೆ ಬರೆ ಹಾಕುವುದು ಮುಂತಾದವಕ್ಕೆ ಯಾರೂ ಒಪ್ಪಬೇಕಿಲ್ಲ. ಕೈ ತೊಳೆಸಿ, ಹಳದಿಯಾದ ನೀರನ್ನು ತೋರಿಸಿ ‘ಕಾಮಾಲೆ ಇಳಿಯಿತು’ ಎನ್ನುವುದು ಸುಣ್ಣದ ನೀರು, ಮಾವಿನ ತೊಗಟೆಯ ರಸದ ಆಟ.

ಕಾನೂನಿನ ದೃಷ್ಟಿಯೂ ಸ್ಪಷ್ಟವಾಗಿದೆ. ಮಾನ್ಯ ಅರ್ಹತೆ, ನೋಂದಣಿಗಳಿಲ್ಲದೆ ಪಾರಂಪರಿಕ ವೈದ್ಯವೃತ್ತಿ ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ, ಕೇರಳದ ಪ್ರಕರಣವೊಂದರಲ್ಲಿ ತೀರ್ಪಿತ್ತಿದೆ. ಹಳ್ಳಿಯ ರೂಢಿ ಅದರಿಂದ ನಿಂತಿಲ್ಲ.

ಆದ್ದರಿಂದ ಎಲೆಮದ್ದಿಗೆ ಹೋಗುವವರು ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ. ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳ ತಪಾಸಣೆ, ಚಿಕಿತ್ಸೆಗಳು 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸಬಹುದು. ನಾಟಿ ಮದ್ದು ಕುಡಿದಿದ್ದರೆ ಬೈಗುಳಕ್ಕೆ ಅಂಜಿ ವೈದ್ಯರಿಂದ ಮುಚ್ಚಿಡಬಾರದು. ಸೊಪ್ಪು ಸಿಕ್ಕರೆ ಒಂದು ಎಸಳನ್ನು ಜೊತೆಗೆ ಒಯ್ಯಬೇಕು.